ಅಜ್ಜನ ಸೈಕಲ್ಲಿನ ತೊಗಲಿನ ಸೀಟು

ಮಕ್ಕಳೇ, ನಿಮ್ಮ ಊರಿನಲ್ಲಿ ಯಾರ ಮನೆಯಲ್ಲಾದರೂ ಹಳೆಯ ಕಾಲದ ಸೈಕಲ್ಲು ಇದೆಯೇ? ಇದ್ದರೆ ಅದರ ಸೀಟನ್ನು ಬೆರಳಿನಿಂದ ಬಡಿದು ನೋಡಿ. ಇಂದಿನ ಬಹುತೇಕ ಸೈಕಲ್ಲುಗಳ ಸೀಟಿನೊಳಗೆ ಸ್ಪಂಜು, ಮೇಲೆ ರೆಕ್ಸಿನ್ ಇರುತ್ತದೆ. ಅದು ಮೆತ್ತಗೆ ಒಳಕ್ಕೆ ಹೋಗುತ್ತದೆ. ಹಳೆಯ ಸೀಟು ದಪ್ಪ ತೊಗಲಿನದಾಗಿದ್ದರೆ ಹಲಗೆ ಬಾರಿಸಿದಂತೆ ‘ಟಕ್ ಟಕ್’ ಎನ್ನುತ್ತದೆ.

ಸಿರಸಂಗಿಯಲ್ಲಿ ನನ್ನ ಅಜ್ಜನ ಬಳಿ ಅಂಥ ಸೈಕಲ್ಲು ಇತ್ತು. ನಾನು ಆಗ ನಿಮ್ಮಷ್ಟೇ ದೊಡ್ಡವನು. ಒಂದು ದಿನ ಅಜ್ಜ ಹೊಲದಿಂದ ಬರುವಾಗ ಜೋರು ಮಳೆ ಬಂತು. ಸೀಟು ತೊಯ್ದು ತೊಪ್ಪೆಯಾಯಿತು. ಅಜ್ಜನಿಗೆ ಸಹಾಯ ಮಾಡೋಣವೆಂದು ನಾನು ಸೀಟನ್ನು ಬಿಚ್ಚಿ ಒಲೆಯ ಮುಂದೆ ಇಟ್ಟೆ. ಅದು ಮುದುಡಿ ಬಿರುಸಾಯಿತು. ಮೆತ್ತಗೆ ಮಾಡಲು ಒಂದು ಬಟ್ಟಲು ಕುಸುಬಿ ಎಣ್ಣೆ ಸುರಿದೆ. ವಾರದೊಳಗೆ ಸೀಟು ನಡುವೆ ಜೋತು ಬಿತ್ತು. ಮುಂದಿನ ರಿವೆಟ್ಟಿನ ತೂತಿನಿಂದ ಹರಿಯಿತು.

ಅಜ್ಜ ನನ್ನನ್ನು ಬೈಯಲಿಲ್ಲ. ಚಪ್ಪಲಿ ಹೊಲಿಯುವ ಕಾಕಾನ ಹತ್ತಿರ ಕರೆದುಕೊಂಡು ಹೋದ. ಕಾಕಾ ಸೀಟನ್ನು ತಿರುಗಿಸಿ ನೋಡಿ ಹೇಳಿದ:

“ತಮ್ಮಾ, ಹಸೀ ತೊಗಲ ಬೆಂಕೀಗಿ ಹಿಡದ್ರ ಬೇಯತೈತಿ. ಎಣ್ಣಿ ಕುಡಿಸಿದ್ರ ಜೋತ ಬೀಳತೈತಿ. ಇದು ಚಪ್ಪಲಿ ಅಲ್ಲೋ, ಹೊರಸು!”

ಆ ಸೀಟು ಮತ್ತೆ ಸರಿಯಾಗಲಿಲ್ಲ. ಅಜ್ಜ ಅದರ ಮೇಲೆ ಗೋಣಿತಟ್ಟು ಮಡಿಚಿ ಹಾಕಿಕೊಂಡೇ ಓಡಾಡಿದ. ಶಾಲೆಯ ಮೆಟ್ಟಿಲು ಹತ್ತದ ಆ ಕಾಕಾನ ಮಾತುಗಳಲ್ಲಿ ಎಷ್ಟು ವಿಜ್ಞಾನವಿತ್ತು ಎಂಬುದು ನನಗೆ ತಿಳಿದದ್ದು ಎಂ.ಎಸ್‌ಸಿ. ಓದುವಾಗ. ಬನ್ನಿ, ಆ ಮಾತುಗಳನ್ನು ಬಿಡಿಸಿ ನೋಡೋಣ.

ಹದ ಮಾಡುವುದು ಎಂದರೇನು?

ಸತ್ತ ದನದ ಹಸಿ ತೊಗಲನ್ನು ಹಾಗೆಯೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೊಳೆತು ನಾರುತ್ತದೆ. ಆದರೆ ಚಪ್ಪಲಿ, ಬಾರುಕೋಲು, ಸೀಟು ವರ್ಷಗಟ್ಟಲೆ ಬಾಳುತ್ತವೆ. ಏಕೆ?

ತೊಗಲಿನಲ್ಲಿ ನೀರನ್ನು ಬಿಟ್ಟರೆ ಹೆಚ್ಚಾಗಿ ಇರುವುದು ಕೊಲಾಜೆನ್ ಎಂಬ ಪ್ರೋಟೀನು. ಮೂರು ಹುರಿ ಸೇರಿಸಿ ಹಗ್ಗ ಹೊಸೆಯುವುದನ್ನು ನೀವು ನೋಡಿರಬಹುದು. ಕೊಲಾಜೆನ್ ಅಣುವೂ ಹಾಗೆಯೇ ಮೂರು ಎಳೆಗಳ ಹೆಣಿಗೆ. ಇಂಥ ಅಸಂಖ್ಯ ಅಣುಗಳು ಕೂಡಿ ನಾರುಗಳಾಗಿ, ನಾರುಗಳು ಒಂದರೊಳಗೊಂದು ಹೆಣೆದುಕೊಂಡು ತೊಗಲಾಗಿದೆ. ಹಸಿ ತೊಗಲಿನ ನಾರುಗಳು ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಊಟ.

ಜಾಲಿ ಮರದ ತೊಗಟೆ, ಅಳಲೆಕಾಯಿ ಇವುಗಳಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಇದೆ. ಹಸಿ ಅಳಲೆಕಾಯಿ ಕಚ್ಚಿದಾಗ ನಾಲಿಗೆ ದೊರಗಾದಂತೆ ಆಗುತ್ತದಲ್ಲ, ಅದಕ್ಕೆ ಟ್ಯಾನಿನ್ನೇ ಕಾರಣ. ಅದು ನಿಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ತೊಗಲನ್ನು ಈ ಒಗರು ನೀರಿನಲ್ಲಿ ಬಹಳ ದಿನ ನೆನೆಹಾಕಿದಾಗ ಟ್ಯಾನಿನ್ನು ನಾರುಗಳ ನಡುವೆ ಹೋಗಿ ಅವನ್ನು ಒಂದಕ್ಕೊಂದು ಕಟ್ಟುತ್ತದೆ. ಆಗ ಬ್ಯಾಕ್ಟೀರಿಯಾಗಳು ಅದನ್ನು ಸುಲಭವಾಗಿ ತಿನ್ನಲಾರವು. ಇದೇ ತೊಗಲು ಹದ ಮಾಡುವ ವಿಧಾನ.

ನಮ್ಮ ಜಿಲ್ಲೆಯ ಅಥಣಿಯಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗಳ ತೊಗಲನ್ನು ಹದ ಮಾಡುವುದು ಹೀಗೆಯೇ. ಈ ಚಪ್ಪಲಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅದರಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಈ ರಸಾಯನ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರನ್ನು ಸಮಾಜವು ಬಹುಕಾಲ ಊರ ಹೊರಗೆ ಇಟ್ಟಿತ್ತು. ಅದು ತಪ್ಪು ಎಂಬುದನ್ನು ನಾವು ಮರೆಯಬಾರದು.

ಸೀಟು ಎಂಬ ಹೊರಸು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಎಂಬಾತ 1866ರಲ್ಲಿ ಕುದುರೆಯ ತೊಗಲಿನ ಸಾಮಾನು ಮಾಡುವ ಉದ್ಯೋಗ ಆರಂಭಿಸಿದ. 1882ರಲ್ಲಿ ಆತ ಸೈಕಲ್ ಸೀಟಿಗೆ ಪೇಟೆಂಟ್ ಪಡೆದ. ಅವನ ಹೆಸರಿನ ತೊಗಲಿನ ಸೀಟುಗಳು ಇಂದಿಗೂ ತಯಾರಾಗುತ್ತಿವೆ.

ತೊಗಲಿನ ಸೀಟಿನ ಕೆಳಗೆ ಬಗ್ಗಿ ನೋಡಿದರೆ ಸ್ಪಂಜು ಕಾಣುವುದಿಲ್ಲ, ಹಲಗೆಯೂ ಕಾಣುವುದಿಲ್ಲ. ಮುಂದೆ ಒಂದು ಕಬ್ಬಿಣದ ಮೂಗು, ಹಿಂದೆ ಒಂದು ಕಬ್ಬಿಣದ ಪಟ್ಟಿ. ಇವೆರಡರ ನಡುವೆ ತೊಗಲನ್ನು ಬಿಗಿಯಾಗಿ ಎಳೆದು ರಿವೆಟ್ಟು ಹೊಡೆದಿರುತ್ತಾರೆ. ಹೊರಸಿನ ಚೌಕಟ್ಟಿಗೆ ಹಗ್ಗ ಬಿಗಿದಂತೆ! ನಿಮ್ಮ ಭಾರವನ್ನೆಲ್ಲ ಹೊರುವುದು ತೊಗಲಿನ ಆ ಬಿಗಿತವೇ.

ನೀರು, ಬೆಂಕಿ

ನಮ್ಮ ಭಾಗದ ಎರೆಹೊಲವನ್ನು ನೋಡಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ತೊಗಲೂ ನೀರು ಕುಡಿದು ಉಬ್ಬುತ್ತದೆ. ಆಗ ಅದರ ನಾರುಗಳು ಸಡಿಲವಾಗಿರುತ್ತವೆ. ಅದರ ಮೇಲೆ ಕುಳಿತರೆ ಸೀಟು ಹಿಗ್ಗಿ ಆಕಾರ ಕೆಡುತ್ತದೆ. ಬೇಗ ಬೇಗ ಒಣಗಿಸಿದರೆ ನಾರುಗಳು ಒಂದಕ್ಕೊಂದು ಅಂಟಿಕೊಂಡು ತೊಗಲು ಬಿರುಸಾಗುತ್ತದೆ, ಮುಂದೆ ಬಿರುಕು ಬಿಡುತ್ತದೆ.

ಬೆಂಕಿಯಂತೂ ಇನ್ನೂ ಕೆಟ್ಟದ್ದು. ಒದ್ದೆಯಾದ ಹಸಿ ತೊಗಲು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥಟ್ಟನೆ ಮುದುಡುತ್ತದೆ. ತೊಗಟೆಯಿಂದ ಹದ ಮಾಡಿದ ಒದ್ದೆ ತೊಗಲು ಸುಮಾರು 75ರಿಂದ 85 ಡಿಗ್ರಿಯಲ್ಲಿ ಮುದುಡುತ್ತದೆ. ಮೂರೆಳೆಯ ಹೆಣಿಗೆಯೇ ಆಗ ಬಿಚ್ಚಿಹೋಗುತ್ತದೆ. ಬೆಂದ ತತ್ತಿ ಮತ್ತೆ ಹಸಿಯಾಗುತ್ತದೆಯೇ? ಇಲ್ಲ. ಹಾಗೆಯೇ ಬೆಂದ ತೊಗಲೂ ಮೊದಲಿನಂತಾಗುವುದಿಲ್ಲ. ಕಾಕಾ “ಬೇಯತೈತಿ” ಎಂದದ್ದು ಅಕ್ಷರಶಃ ನಿಜ!

ಎಣ್ಣೆ ಎಷ್ಟು?

ಹೊಸ ಚಪ್ಪಲಿ ಕಚ್ಚಿದರೆ ಹಿರಿಯರು ಎಣ್ಣೆ ಹಚ್ಚುತ್ತಾರೆ. ಎಣ್ಣೆ ನಾರುಗಳ ನಡುವೆ ಹೋಗಿ ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ತೊಗಲು ಮೆತ್ತಗಾಗುತ್ತದೆ. ಚಪ್ಪಲಿಗೆ ಇದು ಬೇಕು. ಏಕೆಂದರೆ ಅದರ ಕೆಳಗೆ ನೆಲ ಇದೆ. ಸೀಟಿನ ಕೆಳಗೆ ಏನಿದೆ? ಬರೀ ಗಾಳಿ! ಅಲ್ಲಿ ನಾರುಗಳು ಜಾರಿದರೆ ಸೀಟು ಜೋತು ಬೀಳುತ್ತದೆ. ಅಲ್ಲದೆ ಕುಸುಬಿ ಎಣ್ಣೆ ಗಾಳಿಗೆ ನಿಧಾನವಾಗಿ ಗಟ್ಟಿಯಾಗಿ ಅಂಟಂಟಾಗುತ್ತದೆ. ಧೂಳು ಹಿಡಿಯುತ್ತದೆ.

ಹಾಗೆಂದು ಜಿಡ್ಡೇ ಬೇಡವೆಂದಲ್ಲ. ಪೂರ್ತಿ ಒಣಗಿದ ತೊಗಲೂ ಬಿರಿಯುತ್ತದೆ. ಬೇಕಾದದ್ದು ತೆಳುವಾದ ಒಂದು ಪದರ ಮಾತ್ರ.

ಆರೈಕೆ ಹೀಗೆ ಮಾಡಿ

1. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಧೂಳು ಒರೆಸಿ. ಕೊಳೆ ಇದ್ದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಬಟ್ಟೆ ಸೋಪು, ಸೋಡಾ ಬೇಡ.

2. ಮಳೆ ಬಂದರೆ ಸೀಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಮನೆಗೆ ಬಂದ ಕೂಡಲೇ ಬಿಚ್ಚಿ. ಇಲ್ಲದಿದ್ದರೆ ಒಳಗಿನ ತೇವದಿಂದ ಬೂಷ್ಟು ಬೆಳೆಯುತ್ತದೆ.

3. ಒದ್ದೆಯಾದರೆ ನೆರಳಿನಲ್ಲಿ, ಗಾಳಿ ಆಡುವ ಕಡೆ ನಿಧಾನವಾಗಿ ಒಣಗಿಸಿ. ಒಣಗುವವರೆಗೆ ಅದರ ಮೇಲೆ ಕೂರಬೇಡಿ. ಒಲೆ, ಸುಡುಬಿಸಿಲು ಬೇಡವೇ ಬೇಡ.

4. ಮಳೆಗಾಲದ ಮೊದಲು ಮತ್ತು ನಂತರ, ಒಣಗಿದ ಸೀಟಿನ ಮೇಲೆ ಜೇನುಮೇಣ ಇರುವ ತೊಗಲಿನ ಪಾಲಿಶ್ ತೆಳುವಾಗಿ ಹಚ್ಚಿ. ಒಂದು ರಾತ್ರಿ ಬಿಟ್ಟು ಬಟ್ಟೆಯಿಂದ ತಿಕ್ಕಿ. ಮೇಣ ನೀರನ್ನು ತಡೆಯುತ್ತದೆ.

5. ಕೆಲವು ಸೀಟುಗಳ ಮೂಗಿನ ಕೆಳಗೆ ಬಿಗಿಯುವ ನಟ್ಟು ಇರುತ್ತದೆ. ಸೀಟು ಸಡಿಲಾಗಿದ್ದರೆ, ಅದು ಒಣಗಿರುವಾಗ ಮಾತ್ರ, ದೊಡ್ಡವರ ಸಹಾಯದಿಂದ ಪಾನಾ ಹಾಕಿ ಅರ್ಧ ಸುತ್ತು ತಿರುಗಿಸಿ. ಕೆಲವು ದಿನ ಓಡಿಸಿ ನೋಡಿ. ಅತಿಯಾಗಿ ಬಿಗಿದರೆ ರಿವೆಟ್ಟಿನ ತೂತುಗಳು ಹರಿಯುತ್ತವೆ.

ಮಾಡಿ ನೋಡಿ

ಪ್ರಯೋಗ 1: ಹಾಲು, ಸಕ್ಕರೆ ಹಾಕದ ಗಟ್ಟಿ ಚಹಾ ಡಿಕಾಕ್ಷನ್ ಆರಿಸಿ ಎರಡು ಗಾಜಿನ ಲೋಟಗಳಲ್ಲಿ ಹಾಕಿ. ಒಂದರಲ್ಲಿ ತುಕ್ಕು ಹಿಡಿದ ಎರಡು ಮೊಳೆ ಹಾಕಿ. ಮರುದಿನ ಎರಡನ್ನೂ ಹೋಲಿಸಿ. ಮೊಳೆ ಇದ್ದ ಲೋಟದ ಚಹಾ ಕಪ್ಪಾಗಿರುತ್ತದೆ. ಚಹಾದಲ್ಲಿಯೂ ಟ್ಯಾನಿನ್‌ನಂಥ ಒಗರು ವಸ್ತುಗಳಿವೆ. ಅವು ಕಬ್ಬಿಣದೊಡನೆ ಕೂಡಿ ಕಪ್ಪು ಸಂಯುಕ್ತವಾಗುತ್ತವೆ. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದ ಲವಣದಿಂದ ಬರೆಯುವ ಮಸಿ ಮಾಡುತ್ತಿದ್ದುದು ಹೀಗೆಯೇ. ಒದ್ದೆ ಸೀಟಿನಲ್ಲಿ ಕಬ್ಬಿಣ ತಾಗಿದ ಕಡೆ ಕಪ್ಪು ಕಲೆ ಬೀಳುವುದೂ ಇದರಿಂದಲೇ. ಕೆಲವು ಸೀಟುಗಳಿಗೆ ತಾಮ್ರದ ರಿವೆಟ್ಟು ಏಕೆ ಹಾಕುತ್ತಾರೆಂದು ಈಗ ಹೇಳಬಲ್ಲಿರಾ? (ತಾಮ್ರಕ್ಕೆ ಕಬ್ಬಿಣದಂತೆ ತುಕ್ಕೂ ಹಿಡಿಯುವುದಿಲ್ಲ.)

ಪ್ರಯೋಗ 2 (ಶಿಕ್ಷಕರೇ ಮಾಡಿ ತೋರಿಸಬೇಕು): ಚಪ್ಪಲಿ ಮಾಡುವವರಲ್ಲಿ ಹೋಗಿ ಕತ್ತರಿಸಿ ಉಳಿದ ತೊಗಲಿನ ಎರಡು ತುಂಡು ಕೇಳಿ ತನ್ನಿ. ಒಂದು ಗಂಟೆ ನೀರಿನಲ್ಲಿ ನೆನೆಸಿ. ಉದ್ದ ಅಳೆದು ಬರೆದುಕೊಳ್ಳಿ. ಒಂದನ್ನು ನೆರಳಿನಲ್ಲಿ ಒಣಗಿಸಿ. ಇನ್ನೊಂದನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಟ್ಟು ಚಿಮಟಿಗೆಯಿಂದ ತೆಗೆಯಿರಿ. ಮತ್ತೆ ಅಳೆಯಿರಿ. ಎರಡೂ ಒಣಗಿದ ಮೇಲೆ ಬಗ್ಗಿಸಿ ನೋಡಿ. ಏನು ವ್ಯತ್ಯಾಸ?

ತುಂಡು ಕೇಳಲು ಹೋದಾಗ ಅಲ್ಲಿ ಸ್ವಲ್ಪ ಹೊತ್ತು ಕುಳಿತು ಪ್ರಶ್ನೆ ಕೇಳಿ: ಈ ತೊಗಲು ಎಲ್ಲಿಂದ ಬಂತು? ಯಾವುದರಿಂದ ಹದ ಮಾಡಿದ್ದು? ನಾನು ಮೊದಲೇ ಹೋಗಿ ಕೇಳಿದ್ದರೆ ಅಜ್ಜನ ಸೀಟು ಉಳಿಯುತ್ತಿತ್ತು. ನೀವು ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ವಿಜ್ಞಾನದ ನೋಟುಬುಕ್ಕಿನಲ್ಲಿ ಬರೆದಿಡಿ.