ಕಠಿಣ ಕಾನೂನು, ಎಚ್ಚರದ ವಿಚಾರಣೆ

ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಕಾನೂನು ಇಬ್ಬರನ್ನು ಕಾಯಬೇಕು: ದೂರು ಕೊಟ್ಟವರನ್ನು ಮತ್ತು ಆರೋಪ ಹೊತ್ತವರನ್ನು. ಆಪಾದನೆಗೆ ಒಳಗಾದವನು ಆರೋಪಿ. ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಪು ಕೊಟ್ಟ ಮೇಲಷ್ಟೇ ಅವನು ಅಪರಾಧಿ. ಸಂಶಯಕ್ಕೆ ಎಡೆಯಿಲ್ಲದಂತೆ ಆರೋಪವನ್ನು ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದು.

ಶಿಕ್ಷೆ ಹಂತಹಂತವಾಗಿ ಬಿಗಿಯಾಗಿದೆ. ದೆಹಲಿಯಲ್ಲಿ 2012ರ ಡಿಸೆಂಬರ್‌ನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತು. 2013ರ ತಿದ್ದುಪಡಿ ಅತ್ಯಾಚಾರದ ವ್ಯಾಖ್ಯೆಯನ್ನು ಹಿಗ್ಗಿಸಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬುದೊಂದರಿಂದಲೇ ಸಮ್ಮತಿ ಇತ್ತೆಂದು ತಿಳಿಯಬಾರದು ಎಂದಿತು. 2018ರಲ್ಲಿ ಕನಿಷ್ಠ ಶಿಕ್ಷೆ 7ರಿಂದ 10 ವರ್ಷಕ್ಕೇರಿತು. ಸಂತ್ರಸ್ತೆ 16ರೊಳಗಿನವಳಾದರೆ ಕನಿಷ್ಠ 20 ವರ್ಷ, 12ರೊಳಗಿನವಳಾದರೆ ಮರಣದಂಡನೆಯವರೆಗೂ ಅವಕಾಶವಾಯಿತು. 2024ರ ಜುಲೈ 1ರಿಂದ ಇವೆಲ್ಲ ಭಾರತೀಯ ನ್ಯಾಯ ಸಂಹಿತೆಯಲ್ಲಿವೆ. 18 ವರ್ಷದೊಳಗಿನವರ ರಕ್ಷಣೆಗೆ 2012ರ ಪೋಕ್ಸೊ ಕಾಯ್ದೆ ಪ್ರತ್ಯೇಕವಾಗಿದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕುಗಳಲ್ಲಿ ಪ್ರಕರಣದ ಗತಿ ನಿರ್ಧಾರವಾಗುವುದು ಹೆಚ್ಚಾಗಿ ಮೊದಲ ದಿನಗಳಲ್ಲೇ. ಶಿವಮೊಗ್ಗದಲ್ಲಿ ನಡೆದ ಕೃತ್ಯದ ದೂರನ್ನು ನ್ಯಾಮತಿ ಠಾಣೆಯಲ್ಲಿ ಕೊಟ್ಟರೂ ‘ಶೂನ್ಯ ಎಫ್‌ಐಆರ್’ ದಾಖಲಿಸಲೇಬೇಕು. ಪೊಲೀಸರ ಪತ್ರವಿಲ್ಲದೆ ಪರೀಕ್ಷಿಸುವುದಿಲ್ಲ ಎಂದು ಸರ್ಕಾರಿ ವೈದ್ಯರು ಸಂತ್ರಸ್ತೆಯನ್ನು ವಾಪಸು ಕಳಿಸುವಂತಿಲ್ಲ. ‘ಕರ್ನಾಟಕ ರಾಜ್ಯ ವಿರುದ್ಧ ಮಂಜಣ್ಣ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಈ ಪರಿಪಾಠವನ್ನು ಖಂಡಿಸಿತು. ಕರ್ನಾಟಕದ್ದೇ ಆದ ಶಿವಣ್ಣ ಪ್ರಕರಣದಲ್ಲಿ 2014ರಲ್ಲಿ ಅದೇ ನ್ಯಾಯಾಲಯ ಕೊಟ್ಟ ನಿರ್ದೇಶನದಂತೆ ಸಂತ್ರಸ್ತೆಯನ್ನು ಕೂಡಲೇ ಮ್ಯಾಜಿಸ್ಟ್ರೇಟರ ಬಳಿ, ಸಾಧ್ಯವಾದರೆ ಮಹಿಳಾ ಮ್ಯಾಜಿಸ್ಟ್ರೇಟರ ಬಳಿ, ಹೇಳಿಕೆಗೆ ಕರೆದೊಯ್ಯಬೇಕು. 24 ಗಂಟೆಗಿಂತ ತಡವಾದರೆ ತನಿಖಾಧಿಕಾರಿ ಕಾರಣವನ್ನು ಬರೆದಿಡಬೇಕು. ಈ ಹೇಳಿಕೆಯಿಂದಲೇ ಶಿಕ್ಷೆಯಾಗುವುದಿಲ್ಲ. ಸಂತ್ರಸ್ತೆ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯಬೇಕು, ಪಾಟೀ ಸವಾಲು ನಡೆಯಬೇಕು.

ಜನರು ಹೆಚ್ಚು ಎಡವುವುದು ಪೋಕ್ಸೊ ಕಾಯ್ದೆಯ 29ನೇ ಕಲಮಿನಲ್ಲಿ. ಕಾಯ್ದೆಯ ಪ್ರಮುಖ ಅಪರಾಧಗಳಲ್ಲಿ, ತಾನಲ್ಲವೆಂದು ಆರೋಪಿ ತೋರಿಸುವವರೆಗೆ ಅವನೇ ಕೃತ್ಯ ಎಸಗಿದ್ದಾನೆಂದು ನ್ಯಾಯಾಲಯ ಭಾವಿಸಬೇಕು ಎನ್ನುತ್ತದೆ ಈ ಕಲಮು. ‘ಹಾಗಾದರೆ ದೂರು ಬಿದ್ದರೆ ಮುಗಿಯಿತು, ನಿರಪರಾಧಿ ಎಂದು ತೋರಿಸುವುದು ಅವನ ಪಾಡು’ ಎಂಬ ಮಾತು ಹಳ್ಳಿಯ ಕಟ್ಟೆಯಲ್ಲೂ ಕೇಳುತ್ತದೆ, ಓದಿದವರ ಬಾಯಲ್ಲೂ ಬರುತ್ತದೆ. ಅದು ತಪ್ಪು. ಈ ಪೂರ್ವಭಾವನೆ ದೂರು ಕೊಟ್ಟ ಕ್ಷಣದಿಂದ ಕೆಲಸ ಮಾಡುವುದಿಲ್ಲ. ಸಂತ್ರಸ್ತೆ 18ರೊಳಗಿನವಳು, ಘಟನೆ ನಡೆಯಿತು, ಅದರೊಂದಿಗೆ ಆರೋಪಿಗೆ ನಂಟಿದೆ ಎಂಬ ತಳಹದಿಯ ಸಂಗತಿಗಳನ್ನು ಪ್ರಾಸಿಕ್ಯೂಷನ್ ಮೊದಲು ಸಾಬೀತುಪಡಿಸಬೇಕೆಂದು ಹೈಕೋರ್ಟ್‌ಗಳು ಮತ್ತೆ ಮತ್ತೆ ಹೇಳಿವೆ. ಆಮೇಲಷ್ಟೇ ಭಾರ ಆರೋಪಿಯ ಕಡೆ ವಾಲುತ್ತದೆ. ಆಗಲೂ ಅವನು ತನ್ನ ಸಾಕ್ಷಿಗಳನ್ನೇ ಕರೆತರಬೇಕೆಂದಿಲ್ಲ. ಪಾಟೀ ಸವಾಲಿನಲ್ಲೇ ಆ ಭಾವನೆಯನ್ನು ಅಲ್ಲಗಳೆಯಬಹುದು.

ತಳಹದಿಯ ಸಂಗತಿಗಳಲ್ಲಿ ವಯಸ್ಸು ಬಲು ಸೂಕ್ಷ್ಮವಾದದ್ದು. ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ ಶಾಲೆಗೆ ಸೇರಿಸುವಾಗ ‘ಜೂನ್ 1’ ಎಂದು ಬರೆಸುವ ರೂಢಿ ಕರ್ನಾಟಕದ ಹಳ್ಳಿಗಳಲ್ಲಿ ದಶಕಗಳ ಕಾಲ ಇತ್ತು. ಅಂಥ ಒಂದು ಸಾಲು 20 ವರ್ಷದ ಶಿಕ್ಷೆಗೆ ಆಧಾರವಾಗಬಹುದೇ? 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮು ಕ್ರಮ ಹಾಕಿಕೊಟ್ಟಿದೆ: ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆಯ ಬೆಳವಣಿಗೆ ನೋಡುವ ವೈದ್ಯಕೀಯ ಪರೀಕ್ಷೆ. ವರ್ಗಾವಣೆ ಪತ್ರ, ದಾಖಲಾತಿ ವಹಿಯ ನಕಲು ಈ ಪಟ್ಟಿಗೆ ಸೇರುವುದಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂಳೆ ಪರೀಕ್ಷೆಯಲ್ಲಿ ವಯಸ್ಸು ಎರಡು ವರ್ಷ ಹೆಚ್ಚುಕಡಿಮೆ ಆಗಬಹುದೆಂದು ನ್ಯಾಯಾಲಯಗಳು ಒಪ್ಪಿವೆ. 17 ಮತ್ತು 18ರ ನಡುವೆ ಒಂದು ಸಂಬಂಧ ಅಪರಾಧವೋ ಅಲ್ಲವೋ ಎಂಬುದು ತೀರ್ಮಾನವಾಗುವಾಗ ಆ ಎರಡು ವರ್ಷ ಬಹಳ ದೊಡ್ಡದು.

ಇಬ್ಬರನ್ನೂ ಒಟ್ಟಿಗೆ ಕಾಯುವ ಸೊಗಸಾದ ಏರ್ಪಾಡು ಪೋಕ್ಸೊ ಕಾಯ್ದೆಯ 33 ಮತ್ತು 36ನೇ ಕಲಮುಗಳಲ್ಲಿದೆ. ಸಾಕ್ಷ್ಯ ನುಡಿಯುವಾಗ ಮಗುವಿಗೆ ಆರೋಪಿಯ ಮುಖ ಕಾಣಬಾರದು. ಅದಕ್ಕಾಗಿ ಪರದೆ, ಒಂದೇ ಕಡೆಯಿಂದ ಕಾಣುವ ಗಾಜು ಅಥವಾ ವಿಡಿಯೊ ಬಳಸಬಹುದು. ಆದರೆ ಮಗುವಿನ ಮಾತು ಆರೋಪಿಗೆ ಕೇಳಿಸಬೇಕು, ಅವನು ತನ್ನ ವಕೀಲರೊಂದಿಗೆ ಮಾತಾಡುವಂತಿರಬೇಕು. ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವನ್ನು ತಲುಪುತ್ತವೆ. ಮಗುವಿನ ಭಯ ತಪ್ಪುತ್ತದೆ. ಸಾಕ್ಷ್ಯವನ್ನು ಪ್ರಶ್ನಿಸುವ ಹಕ್ಕೂ ಉಳಿಯುತ್ತದೆ.

ಆರೋಪಿಯ ಇತರ ರಕ್ಷಣೆಗಳು ಸ್ಪಷ್ಟವಾಗಿವೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದಲ್ಲಿರುವವರಿಗೂ, ಎಲ್ಲ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪಿನ (2010) ನಂತರ ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ ಒಳಪಡಿಸುವಂತಿಲ್ಲ.

ಖುಲಾಸೆಯಾದರೆ ದೂರು ಸುಳ್ಳೆಂದು ತಿಳಿಯುವುದು ಇನ್ನೊಂದು ತಪ್ಪು. ಪುರಾವೆ ಸಾಲಲಿಲ್ಲ ಎಂಬುದಷ್ಟೇ ಬಹಳಷ್ಟು ಖುಲಾಸೆಗಳ ಅರ್ಥ. 2012ರ ಅಕ್ಟೋಬರ್‌ನಲ್ಲಿ ಧರ್ಮಸ್ಥಳದ ಬಳಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಅತ್ಯಾಚಾರ, ಕೊಲೆ ನಡೆಯಿತು. ಆರೋಪಿಯಾಗಿದ್ದವನನ್ನು 2023ರ ಜೂನ್‌ನಲ್ಲಿ ಬೆಂಗಳೂರಿನ ನ್ಯಾಯಾಲಯ ಖುಲಾಸೆ ಮಾಡಿತು. ತನಿಖೆಯ ಲೋಪಗಳನ್ನೂ ಎತ್ತಿ ತೋರಿಸಿತು. ಹುಡುಗಿಯ ಮನೆಯವರಿಗೆ ನ್ಯಾಯ ದಕ್ಕಲಿಲ್ಲ; ಆರೋಪಿಯ ಬದುಕಿನ ದಶಕವೊಂದು ಆರೋಪದ ನೆರಳಲ್ಲೇ ಕಳೆಯಿತು. ತನಿಖೆ ಕೆಟ್ಟರೆ ಸೋಲುವವರು ಇಬ್ಬರೂ. ಶಿಕ್ಷೆಯ ವರ್ಷಗಳನ್ನು ಎಷ್ಟು ಹೆಚ್ಚಿಸಿದರೂ ಆ ಸೋಲು ತಪ್ಪುವುದಿಲ್ಲ.

ಹದಿಹರೆಯದವರ ಒಪ್ಪಿತ ಸಂಬಂಧಗಳ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಕರ್ನಾಟಕ ಹೈಕೋರ್ಟ್‌ನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಸಮ್ಮತಿಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು; 9ನೇ ತರಗತಿಯಿಂದಲೇ ವಿದ್ಯಾರ್ಥಿಗಳಿಗೆ ಪೋಕ್ಸೊ ತಿಳಿವಳಿಕೆ ಸಿಗಬೇಕೆಂದೂ ಸೂಚಿಸಿತು. ಆಯೋಗ 2023ರಲ್ಲಿ 18 ವರ್ಷವೇ ಇರಲಿ, 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದು ಶಿಫಾರಸು ಮಾಡಿತು.

ಓದುಗರು ಪೋಕ್ಸೊ ಕಾಯ್ದೆಯನ್ನು ಒಮ್ಮೆ ಪೂರ್ತಿ ಓದಬೇಕು; ಅದು ಚಿಕ್ಕದು, ಅರ್ಥವಾಗುವಂಥದ್ದು. ಸಂದೇಹಗಳಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. ಮುಂದೆ ವಯಸ್ಸಿನ ತಕರಾರು ಏಳದಂತೆ ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಾಯಿಸಿ, ಪ್ರಮಾಣಪತ್ರವನ್ನು ಜೋಪಾನವಾಗಿ ಇಡಿ.