ಒಂದೇ ಕೈಬಂದೂಕು ಕೊಳ್ಳುವವರ ಲೆಕ್ಕ

ಕೈಬಂದೂಕು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಎರಡೇ ಮಾತು: ಯಾವ ಕಂಪನಿಯದು ಒಳ್ಳೆಯದು, ಎಷ್ಟು ದೂರ ಹೊಡೆಯುತ್ತದೆ? ಯಾದಗಿರಿ ಜಿಲ್ಲೆಯ ವಡಗೇರಾ, ಶಹಾಪುರ, ಸುರಪುರದ ಸೀಮೆಯಲ್ಲಿ ಪರವಾನಗಿ ಕೇಳುವವರ ಮಟ್ಟಿಗೆ ಈ ಎರಡಕ್ಕೂ ಅರ್ಧ ಉತ್ತರವನ್ನು ಕಾನೂನೇ ಬರೆದಿಟ್ಟಿದೆ. ಉಳಿದರ್ಧ ಇರುವುದು ಅಂಗಡಿಯಲ್ಲಲ್ಲ, ಕೊಳ್ಳುವವರ ಕೈಯಲ್ಲಿ ಮತ್ತು ಅವರ ಮನೆಯ ಬೀಗದಲ್ಲಿ.

‘ಒಂದೇ’ ಎಂಬ ಮಿತಿ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಒಬ್ಬರು ಮೂರು ಬಂದೂಕುಗಳವರೆಗೆ ಇಟ್ಟುಕೊಳ್ಳಬಹುದೆಂಬ ನಿಯಮ ಬಹುಕಾಲ ನಡೆದು ಬಂತು. 2019ರ ಡಿಸೆಂಬರ್ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಜೊತೆಗೆ ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಭಾಗದಲ್ಲಿ ಬೆಳೆ ರಕ್ಷಣೆಗೆಂದು ಒಂಟಿ ನಳಿಗೆಯ ಅಥವಾ ಜೋಡುನಳಿಗೆಯ 12 ಬೋರ್ ಬಂದೂಕು ಇಟ್ಟುಕೊಂಡ ಒಕ್ಕಲು ಮನೆತನದವರಿಗೆ ಉಳಿಯುವುದು ಇನ್ನೊಂದೇ ಸ್ಥಾನ. ಅದನ್ನು ರಿವಾಲ್ವರ್‌ಗೆ ಕೊಟ್ಟರೆ ಅಲ್ಲಿಗೆ ಮುಗಿಯಿತು.

ಹೀಗಾಗಿ ಯಾವುದು ಬೇಕು ಎಂಬುದಕ್ಕಿಂತ ಮುಂಚೆ ಬೇಕೇ ಎಂಬ ಪ್ರಶ್ನೆ ಬರುತ್ತದೆ. ಹೊಲದ ಕೆಲಸಕ್ಕೆ ಕೈಬಂದೂಕಿನಿಂದ ಏನೂ ಉಪಯೋಗವಿಲ್ಲ. ಕಾಡುಹಂದಿಯನ್ನು ಸದ್ದು ಮಾಡಿ ಬೆದರಿಸುವುದಕ್ಕೂ ಉದ್ದ ನಳಿಗೆಯ ಬಂದೂಕೇ ವಾಸಿ. ಹೊಡೆಯುವುದಾದರೆ ಅರಣ್ಯ ಇಲಾಖೆಯ ಅನುಮತಿಯ ಮಾತು ಬೇರೆ. ರಿವಾಲ್ವರ್, ಪಿಸ್ತೂಲುಗಳು ಹತ್ತು ಹೆಜ್ಜೆಯೊಳಗಿನ ಆತ್ಮರಕ್ಷಣೆಯ ಆಯುಧಗಳು, ಅಷ್ಟೇ. ನಗದು ಅಥವಾ ಚಿನ್ನ ಹೊತ್ತು ರಾತ್ರಿ ತಿರುಗುವ ವ್ಯಾಪಾರಿ, ಬೆದರಿಕೆಯ ದಾಖಲೆ ಇರುವ ವ್ಯಕ್ತಿ, ಊರಿನಿಂದ ದೂರದ ಹೊಲದ ಮನೆಯಲ್ಲಿ ಒಂಟಿಯಾಗಿರುವವರು ಇಂಥ ಕಾರಣ ತೋರಿಸಬಲ್ಲರು. ಗೌಡಕಿಯ ಠೀವಿಗೆ, ಫೋಟೊಕ್ಕೆ ಬೇಕೆನ್ನುವವರೂ ಇದ್ದಾರೆ. ಅರ್ಜಿಯ ಮೇಲೆ ಪೊಲೀಸ್ ವರದಿ ಬರೆಯುವವರಿಗೆ ಈ ವ್ಯತ್ಯಾಸ ತಿಳಿಯದೇ ಇರುವುದಿಲ್ಲ.

ಇನ್ನು ಬೋರ್. ನಳಿಗೆಯ ಒಳವ್ಯಾಸವನ್ನು ಬೋರ್ ಎನ್ನುತ್ತಾರೆ, ಮತ್ತು ಸೇನೆ, ಪೊಲೀಸರು ಬಳಸುವ ತೋಟಾ ಹಿಡಿಸುವ ಬೋರ್‌ಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. .380, .455 ತೋಟಾಗಳು, ಸೇನೆಯ 9 ಎಂ.ಎಂ., .45 ಇವೆಲ್ಲ ಆ ಪಟ್ಟಿಯಲ್ಲಿವೆ. ಸಿನಿಮಾದಲ್ಲಿ ಕಾಣುವ ಪಿಸ್ತೂಲುಗಳ ಬಹುಪಾಲು ಇಲ್ಲಿಗೇ ಹೊರಬಿದ್ದವು. ಹಳೆಯ ವಾಡೆಗಳಲ್ಲಿ ಅಜ್ಜನ ಕಾಲದ .455 ವೆಬ್ಲಿ ರಿವಾಲ್ವರ್ ಸಿಕ್ಕರೂ ಅದನ್ನು ಸುಮ್ಮನೆ ಸಂದೂಕದಲ್ಲಿ ಇಟ್ಟುಕೊಳ್ಳುವಂತಿಲ್ಲ. ಉಳಿಯುವುದು ಮುಖ್ಯವಾಗಿ .32, ಆಮೇಲೆ .22. ವಿದೇಶಿ ಆಯುಧಗಳ ಆಮದು ಸಾಮಾನ್ಯರಿಗೆ 1980ರ ದಶಕದಲ್ಲೇ ನಿಂತದ್ದರಿಂದ ಹಳೆಯ ಜರ್ಮನ್, ಇಂಗ್ಲಿಷ್ ಪಿಸ್ತೂಲುಗಳು ಕೈಯಿಂದ ಕೈಗೆ ಹೋಗುತ್ತ ಅವುಗಳ ಬೆಲೆ ಹುಚ್ಚುಹುಚ್ಚಾಗಿ ಏರಿದೆ. ಆ ಬೆಲೆ ಗುಣಕ್ಕಲ್ಲ, ಕೊರತೆಗೆ. ಐವತ್ತು ವರ್ಷದ ಸ್ಪ್ರಿಂಗ್ ಮುರಿದರೆ ಬದಲಿ ಭಾಗ ಸಿಗದು ಎಂಬುದನ್ನು ಕೊಳ್ಳುವಾಗ ಯಾರೂ ನೆನೆಯುವುದಿಲ್ಲ.

.32ರಲ್ಲಿ ಎರಡು ಬಗೆಯ ತೋಟಾಗಳಿವೆ. ಒಂದಕ್ಕೆ ಇನ್ನೊಂದು ಹೊಂದುವುದಿಲ್ಲ. ರಿವಾಲ್ವರ್‌ನದು ಉದ್ದನೆಯದು, ಗುಂಡಿನ ತೂಕ ಸುಮಾರು ಆರೂವರೆ ಗ್ರಾಂ. ಪಿಸ್ತೂಲಿನದು ಗಿಡ್ಡ, ನಾಲ್ಕೂವರೆ ಗ್ರಾಂಗಿಂತ ತುಸು ಹೆಚ್ಚು, ಆದರೆ ವೇಗ ಜಾಸ್ತಿ. ಎರಡರ ಶಕ್ತಿಯೂ ಸರಿಸುಮಾರು ನೂರೈವತ್ತರಿಂದ ನೂರೆಂಬತ್ತು ಜೂಲ್. ಸೇನೆಯ 9 ಎಂ.ಎಂ. ಗುಂಡಿನದು ಐನೂರರ ಹತ್ತಿರ. ಈ ಅಂತರ ನೋಡಿ ಮೂಗು ಮುರಿಯುವವರು ಒಂದು ಮರೆಯುತ್ತಾರೆ: .32ರ ಒದೆತ ಕಡಿಮೆ, ಎರಡನೇ ಗುಂಡೂ ಗುರಿಯಲ್ಲೇ ಇರುತ್ತದೆ. ತಪ್ಪಿದ ದೊಡ್ಡ ಗುಂಡಿಗಿಂತ ತಗುಲಿದ ಸಣ್ಣ ಗುಂಡು ಮೇಲು. ಕಿಕ್ಕಿರಿದ ಕೇರಿಯಲ್ಲಿ ತಪ್ಪಿದ ಗುಂಡು ಯಾರ ಮನೆಯ ಗೋಡೆ ಸೇರುತ್ತದೆ ಎಂಬ ಲೆಕ್ಕವೂ ಇದೆ.

ನಿಜವಾದ ಆಯ್ಕೆ ಆರಂಭವಾಗುವುದು ರಿವಾಲ್ವರೋ ಪಿಸ್ತೂಲೋ ಎಂಬಲ್ಲಿ. ರಿವಾಲ್ವರ್‌ನಲ್ಲಿ ಆರು ಗೂಡುಗಳ ಸಿಲಿಂಡರ್ ತಿರುಗುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಹಳೆಯ ವೆಬ್ಲಿ ಮಾದರಿಯ ಸಂತಾನ. ಅದನ್ನು ನಡುವಿಗೆ ಮುರಿದಂತೆ ತೆರೆದರೆ ಖಾಲಿ ತೋಟಾಗಳು ತಾವೇ ಹೊರಬೀಳುತ್ತವೆ. ತೆರೆದು ನೋಡಿದರೆ ಒಳಗೆ ಗುಂಡಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಆರೂ ಗೂಡು ಒಟ್ಟಿಗೆ. ಒಂದು ತೋಟಾ ಹಾರದಿದ್ದರೆ ಟ್ರಿಗರ್ ಮತ್ತೊಮ್ಮೆ ಎಳೆದರಾಯಿತು, ಮುಂದಿನ ಗೂಡು ಬಂದು ನಿಲ್ಲುತ್ತದೆ. ಹ್ಯಾಮರ್ ಎತ್ತದೆ ನೇರವಾಗಿ ಎಳೆಯುವಾಗ ಟ್ರಿಗರ್ ಭಾರವಾಗಿರುತ್ತದೆ. ಗುರಿಗೆ ಇದು ತೊಡಕಾದರೂ ಅಚಾತುರ್ಯದ ವಿರುದ್ಧ ಇದೇ ಕಾವಲು.

ಪಿಸ್ತೂಲಿನ ಕಥೆ ಬೇರೆ. ಪಶ್ಚಿಮ ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆಯ ಅಶನಿಯಂಥ .32 ಪಿಸ್ತೂಲುಗಳು ಚಪ್ಪಟೆ. ಸೊಂಟದಲ್ಲಿ ಉಬ್ಬಿ ಕಾಣುವುದಿಲ್ಲ, ಗುಂಡುಗಳೂ ಹೆಚ್ಚು ಹಿಡಿಸುತ್ತವೆ. ಆದರೆ ಮೇಲಿನ ಸ್ಲೈಡ್ ಎಳೆಯಲು ಬಲ ಬೇಕು, ಸಿಕ್ಕಿಬಿದ್ದ ತೋಟಾ ಬಿಡಿಸಲು ಅಭ್ಯಾಸ ಬೇಕು. ದೊಡ್ಡ ಅಪಾಯ ಇರುವುದು ಇನ್ನೊಂದರಲ್ಲಿ: ಮ್ಯಾಗಜೀನ್ ತೆಗೆದೆನಲ್ಲ, ಇನ್ನು ಖಾಲಿ ಎಂದುಕೊಳ್ಳುತ್ತಾರೆ. ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದೇ ಇರುತ್ತದೆ. ಪಿಸ್ತೂಲು ಒರೆಸುವಾಗ ಆಗುವ ಅವಘಡಗಳಲ್ಲಿ ಬಹಳಷ್ಟು ಈ ಉಳಿದ ತೋಟಾದವು. ತಿಂಗಳಿಗೊಮ್ಮೆಯೂ ಕೈಗೆತ್ತಿಕೊಳ್ಳದ, ಅಭ್ಯಾಸದ ಮೈದಾನ ಹತ್ತಿರವಿಲ್ಲದ ಮಾಲೀಕರಿಗೆ, ಅಂದರೆ ಈ ಭಾಗದ ಬಹುತೇಕರಿಗೆ, ರಿವಾಲ್ವರೇ ತಕ್ಕದ್ದು. ನಿತ್ಯ ಕಟ್ಟಿಕೊಂಡು ತಿರುಗುವವರು, ವರ್ಷಪೂರ್ತಿ ಅಭ್ಯಾಸ ಮಾಡುವವರು ಮಾತ್ರ ಪಿಸ್ತೂಲಿನ ಅನುಕೂಲ ಪಡೆಯಬಲ್ಲರು.

ತೂಕ ಮತ್ತು ಉದ್ದದ ವಿಷಯದಲ್ಲಿ ಜಾಹೀರಾತುಗಳು ದಾರಿ ತಪ್ಪಿಸುತ್ತವೆ. 2014ರಲ್ಲಿ ಕಾನ್ಪುರದಿಂದ ಬಂದ ನಿರ್ಭೀಕ್ ಎಂಬ ರಿವಾಲ್ವರ್ ಟೈಟಾನಿಯಂ ಮಿಶ್ರಲೋಹದ್ದು, ತೂಕ ಅರ್ಧ ಕಿಲೊ ಆಸುಪಾಸು, ಮಹಿಳೆಯರಿಗೆಂದು ಬಿಡುಗಡೆಯಾದಾಗ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಬ್ಯಾಗಿನಲ್ಲಿ ಇಡಲು ಹಗುರ ಹೌದು. ಹಗುರವಾದಷ್ಟೂ ಕೈಗೆ ಒದೆಯುವುದು ಜಾಸ್ತಿ ಎಂಬುದನ್ನು ಯಾರೂ ಹೇಳುವುದಿಲ್ಲ. 2023ರ ಆಗಸ್ಟ್‌ನಲ್ಲಿ ಬಂದ ಪ್ರಬಲ್ 700 ಗ್ರಾಂ ತೂಗುತ್ತದೆ, ನಳಿಗೆ 76 ಮಿಲಿಮೀಟರ್, ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಇದರ ವ್ಯಾಪ್ತಿ 50 ಮೀಟರ್ ಎಂದು ಪ್ರಚಾರವಾಯಿತು. ಕಾಗದದ ಮೇಲೆ ಸರಿ. ಆದರೆ ಗುರಿ ನೋಡುವ ಹಿಂದಿನ, ಮುಂದಿನ ಗುರುತುಗಳ ನಡುವೆ 10 ಸೆಂಟಿಮೀಟರ್ ಅಂತರವಿರುವ ಕೈಬಂದೂಕಿನಲ್ಲಿ ಕಣ್ಣಂದಾಜು ಒಂದೇ ಒಂದು ಮಿಲಿಮೀಟರ್ ತಪ್ಪಿದರೆ 7 ಮೀಟರ್ ದೂರದಲ್ಲಿ ಗುಂಡು 7 ಸೆಂಟಿಮೀಟರ್ ಸರಿಯುತ್ತದೆ, 50 ಮೀಟರ್‌ನಲ್ಲಿ ಅರ್ಧ ಮೀಟರ್. 50 ಮೀಟರ್ ದೂರದವನಿಂದ ಪ್ರಾಣಾಪಾಯವಿತ್ತು, ಅದಕ್ಕೇ ಹೊಡೆದೆ ಎಂದು ನ್ಯಾಯಾಲಯವನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ, ಅದು ಅಪಾಯದ ಪ್ರಮಾಣಕ್ಕೆ ತಕ್ಕಷ್ಟೇ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಸರಳ. ಹಿಡಿಯನ್ನು ಪೂರ್ತಿ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನೊಳಗಿನ ಭಾಗ ಟ್ರಿಗರ್ ಮೇಲೆ ಕೂರಬೇಕು. ಖಾಲಿ ಆಯುಧದ ಟ್ರಿಗರ್ ಎಳೆಯುವಾಗ ಮುಂದಿನ ಗುರುತು ಅಲುಗಾಡಬಾರದು. ಮನೆಯಲ್ಲಿ ಪರವಾನಗಿ ಹೊಂದಿದವರು ಇಬ್ಬರಿದ್ದರೆ ಸಣ್ಣ ಕೈಯವರಿಗೆ ಹೊಂದುವುದನ್ನೇ ಆರಿಸುವುದು ಲೇಸು. ದೊಡ್ಡ ಕೈ ಸಣ್ಣ ಹಿಡಿಗೆ ಒಗ್ಗಿಕೊಳ್ಳುತ್ತದೆ, ಸಣ್ಣ ಕೈ ದೊಡ್ಡ ಹಿಡಿಗೆ ಒಗ್ಗದು.

ಯಾದಗಿರಿಯ ಬೇಸಿಗೆಯೂ ಒಂದು ಮಾತು ಹೇಳುತ್ತದೆ. ಹತ್ತಿಯ ದೂಳು, ಎರೆಮಣ್ಣಿನ ಪುಡಿ ಎಣ್ಣೆ ಹಚ್ಚಿದ ಭಾಗಕ್ಕೆ ಅಂಟಿ ಕೆಸರಾಗುತ್ತವೆ. ಸೊಂಟದ ಬೆವರು ಕಪ್ಪು ಉಕ್ಕಿಗೆ ಒಂದೇ ಬೇಸಿಗೆಯಲ್ಲಿ ತುಕ್ಕು ತರುತ್ತದೆ. ಎಣ್ಣೆ ಹನಿಯಷ್ಟು ಸಾಕು, ಒರೆಸುವುದು ಮಾತ್ರ ಮೇಲಿಂದ ಮೇಲೆ ಆಗಬೇಕು. ಚರ್ಮದ ಚೀಲದಲ್ಲಿಟ್ಟು ತಿಂಗಳುಗಟ್ಟಲೆ ಮರೆತರೆ ಚರ್ಮವೇ ಲೋಹವನ್ನು ತಿನ್ನುತ್ತದೆ. ತೋಟಾಗಳನ್ನು ತಂಪಾದ ಒಣ ಜಾಗದಲ್ಲಿಡಬೇಕು. ಪರವಾನಗಿಯಲ್ಲಿ ನಮೂದಾದಷ್ಟೇ ತೋಟಾ ಸಿಗುವುದರಿಂದ ತೋಟಾ ಸುಲಭವಾಗಿ ದೊರೆಯದ ಬೋರ್‌ನ ಆಯುಧ ಬರೀ ಕಬ್ಬಿಣ.

ಇಷ್ಟೆಲ್ಲಕ್ಕಿಂತ ಮಿಗಿಲಾದದ್ದು ಆಯುಧ ಕೈಯಲ್ಲಿಲ್ಲದ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂಬುದು. ಇಪ್ಪತ್ತನಾಲ್ಕು ಗಂಟೆಯಲ್ಲಿ ಇಪ್ಪತ್ತಮೂರೂವರೆ ಗಂಟೆ ಅದು ಇರುವುದೇ ಹಾಗೆ. ಇದಕ್ಕೆ ಸುರಪುರದ ಚರಿತ್ರೆಯಲ್ಲೇ ಒಂದು ಕಹಿ ನಿದರ್ಶನವಿದೆ. ಬೇಡ ನಾಯಕರ ಈ ಸಂಸ್ಥಾನಕ್ಕೆ ಬಂದೂಕು ಹೊಸದಲ್ಲ. 1705ರಲ್ಲಿ ಔರಂಗಜೇಬ ತಾನೇ ಬಂದು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದಾಗ ಮೊಘಲರನ್ನು ತಿಂಗಳುಗಟ್ಟಲೆ ತಡೆದದ್ದು ಬೇಡರ ಬಂದೂಕುಗಾರರು. 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸೆರೆಯಾದ. ಮರಣದಂಡನೆ ಇಳಿದು ಸೆರೆವಾಸವಾಯಿತು. ಅವನ ಬಾಲ್ಯದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿರುವಂತೆ, ಸೆರೆಮನೆಗೆ ಕರೆದೊಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿ ಗುಂಡು ತುಂಬಿದ ರಿವಾಲ್ವರ್ ಬಿಚ್ಚಿಟ್ಟು ಡೇರೆಯಿಂದ ಹೊರಗೆ ಹೋದ; ಅದೇ ರಿವಾಲ್ವರ್‌ನ ಗುಂಡಿನಿಂದ ರಾಜನ ಪ್ರಾಣ ಹೋಯಿತು. ಬೇಕೆಂದೇ ಆದದ್ದೋ ಆಕಸ್ಮಿಕವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಮುಗಿಯದಿರುವ ಮಾತು ಇನ್ನೊಂದೂ ಇಲ್ಲಿದೆ: ತರಬೇತಾದ ಸೈನಿಕ ಅಧಿಕಾರಿಯೇ ತುಂಬಿದ ಆಯುಧವನ್ನು ಕೈಗೆಟಕುವಲ್ಲಿ ಬಿಟ್ಟು ಹೋಗಬಲ್ಲನಾದರೆ ಹಳ್ಳಿಯ ಮನೆಯಲ್ಲಿ ಏನು ಗ್ಯಾರಂಟಿ?

ಪಡಸಾಲೆಯ ಗೂಡು, ಹಾಸಿಗೆಯ ದಿಂಬಿನಡಿ, ಸಜ್ಜಾದ ಮೇಲಿನ ಟ್ರಂಕು ಇವು ಯಾವುವೂ ಜಾಗವಲ್ಲ. ಮಕ್ಕಳು ಸಜ್ಜಾ ಹತ್ತುವುದನ್ನು ಹಿರಿಯರಿಗಿಂತ ಚೆನ್ನಾಗಿ ಬಲ್ಲರು. ಗೋಡೆಗೆ ಬೋಲ್ಟ್ ಹಾಕಿದ ತಿಜೋರಿ, ಆಯುಧ ಒಂದು ಖಾನೆಯಲ್ಲಿ, ತೋಟಾ ಬೇರೆ ಬೀಗದಲ್ಲಿ, ಕೀಲಿ ಪರವಾನಗಿದಾರರ ಬಳಿ ಮಾತ್ರ. ಮನೆಯಲ್ಲಿ ಯಾರಾದರೂ ಕುಡಿತದ ಚಟಕ್ಕೆ ಬಿದ್ದಿದ್ದರೆ, ಸಾಲದ ಹೊರೆಯಿಂದ ಮಂಕಾಗಿದ್ದರೆ, ಆ ದಿನಗಳಲ್ಲಿ ಆಯುಧವನ್ನು ಠಾಣೆಯಲ್ಲೋ ಪರವಾನಗಿ ಪಡೆದ ಮಾರಾಟಗಾರರ ಬಳಿಯೋ ಒಪ್ಪಿಸಿ ರಸೀದಿ ಪಡೆಯುವುದು ಸೂಕ್ತ. ತಿಜೋರಿಗೆ ಹಣ ಮಿಗದಿದ್ದರೆ ರಿವಾಲ್ವರ್‌ಗೂ ಹಣವಿಲ್ಲ ಎಂದೇ ಲೆಕ್ಕ ಹಾಕಬೇಕು.

ಕಾಗದಪತ್ರದ ದಾರಿ ದೀರ್ಘ, ವಿವರ ಕಡಿಮೆ. ವಯಸ್ಸು 21 ತುಂಬಿರಬೇಕು. ಜಿಲ್ಲೆಯಲ್ಲಿ ಪರವಾನಗಿ ಕೊಡುವವರು ಜಿಲ್ಲಾಧಿಕಾರಿ, ಅದಕ್ಕೆ ಮುನ್ನ ಪೊಲೀಸ್ ವರದಿ. 2016ರ ನಿಯಮಗಳು ಸುರಕ್ಷತಾ ತರಬೇತಿಗೆ ಒತ್ತು ಕೊಟ್ಟಿವೆ. ರಾಜ್ಯದ ಜಿಲ್ಲಾ ಪೊಲೀಸ್ ಇಲಾಖೆಗಳು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಈ ದಿಕ್ಕಿನಲ್ಲಿ ಒಳ್ಳೆಯ ಆರಂಭ. ಕೊಡಗಿನ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಬೇಡರ ನಾಡಿಗೆ ಅಂಥ ವಿನಾಯಿತಿ ಇಲ್ಲ.

ಪರವಾನಗಿ ಸಿಕ್ಕಮಾತ್ರಕ್ಕೆ ಆಯುಧವನ್ನು ಎಲ್ಲೆಂದರಲ್ಲಿ ಒಯ್ಯುವಂತಿಲ್ಲ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಭೆ, ಶಾಲಾ ಕಾಲೇಜಿನ ಆವರಣಗಳಿಗೆ ವಿಶೇಷ ಅನುಮತಿಯಿಲ್ಲದೆ ತರಬಾರದೆಂಬುದು ಪರವಾನಗಿಯ ಷರತ್ತು. ಹಾಗಾಗಿ ತಿಂಥಣಿ ಮೌನೇಶ್ವರನ ಜಾತ್ರೆಗೂ ಸಂಕ್ರಾಂತಿಯ ಮೈಲಾಪುರಕ್ಕೂ ಅದು ಮನೆಯಲ್ಲೇ ಉಳಿಯಬೇಕು. ಮದುವೆಯ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಚುನಾವಣೆ ಘೋಷಣೆಯಾದರೆ ಜಿಲ್ಲಾಧಿಕಾರಿಯ ಆದೇಶದಂತೆ ಆಯುಧವನ್ನು ಠಾಣೆಗೆ ಒಪ್ಪಿಸಿ, ಫಲಿತಾಂಶದ ನಂತರ ರಸೀದಿ ತೋರಿಸಿ ಹಿಂಪಡೆಯಬೇಕು. ವಿಧಾನಸಭೆ, ಲೋಕಸಭೆ, ಪಂಚಾಯಿತಿ ಎಂದು ಚುನಾವಣೆಗಳು ಒಂದರ ಹಿಂದೊಂದು ಬರುವ ವರ್ಷಗಳಲ್ಲಿ ಅದು ಮನೆಗಿಂತ ಠಾಣೆಯಲ್ಲೇ ಹೆಚ್ಚು ದಿನ ಇರುವುದುಂಟು. ಒಪ್ಪಿಸುವಾಗ ಆಯುಧದ ನಂಬರು, ಸ್ಥಿತಿ, ತೋಟಾಗಳ ಎಣಿಕೆ ರಸೀದಿಯಲ್ಲಿ ಬರೆದಿವೆಯೇ ಎಂದು ನೋಡಿಕೊಳ್ಳಬೇಕು. ಮಾಲೀಕರು ತೀರಿಕೊಂಡರೆ ವಾರಸುದಾರರು ಅದನ್ನು ಠಾಣೆಗೆ ಅಥವಾ ಪರವಾನಗಿ ಪಡೆದ ಮಾರಾಟಗಾರರಿಗೆ ಒಪ್ಪಿಸಿ, ತಮ್ಮ ಹೆಸರಿಗೆ ಬೇರೆ ಪರವಾನಗಿಗೆ ಅರ್ಜಿ ಹಾಕಬೇಕು. ಆಸ್ತಿಯ ಪಾಲಿನೊಂದಿಗೆ ಅದು ತಾನಾಗಿ ಕೈ ಬದಲಾಗುವುದಿಲ್ಲ.