ಮಳೆಗಾಲದ ಕತ್ತಲೆಗೆ ಮನೆಯ ವಿದ್ಯುತ್: ಪೆಡಲ್ ಎಷ್ಟು, ಸೌರ ಫಲಕ ಎಷ್ಟು?

ಮಲೆನಾಡಿನಲ್ಲಿ ಗಾಳಿಮಳೆಗೆ ಮರ ಉರುಳಿ ಕಂಬಗಳು ಮುರಿದರೆ, ಒಳಗ್ರಾಮಗಳಿಗೆ ವಿದ್ಯುತ್ ಮರಳಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆಗಳೊಂದಿಗೆ ವಿದ್ಯುತ್ ಮಾರ್ಗಗಳೂ ಹಾಳಾದವು. ಅಂತಹ ರಾತ್ರಿಗಳಲ್ಲಿ ಕುಟುಂಬವೊಂದಕ್ಕೆ ಅತ್ಯಗತ್ಯವಾದುದು ಬೆಳಕು ಮತ್ತು ಮೊಬೈಲ್. 5 ವ್ಯಾಟ್‌ನ ಎರಡು ಎಲ್‌ಇಡಿ ದೀಪಗಳನ್ನು 5 ಗಂಟೆ ಉರಿಸಲು 50 ವ್ಯಾಟ್‌ಗಂಟೆ, ಎರಡು ಮೊಬೈಲ್‌ಗಳ ಚಾರ್ಜಿಗೆ ಸುಮಾರು 30, ಒಟ್ಟು 80. ಮೀಟರಿನ ಒಂದು ಯೂನಿಟ್ ಎಂದರೆ 1,000 ವ್ಯಾಟ್‌ಗಂಟೆ. ಅಂದರೆ ಅಗತ್ಯ ಬಹಳ ಚಿಕ್ಕದು.

ಹಳೆಯ ಸೈಕಲ್ಲಿನ ಹಿಂಚಕ್ರಕ್ಕೆ ಬೆಲ್ಟಿನ ಮೂಲಕ ಶಾಶ್ವತ ಅಯಸ್ಕಾಂತವುಳ್ಳ ಡಿ.ಸಿ. ಮೋಟಾರನ್ನು ಜೋಡಿಸಿದರೆ ಅದೇ ಡೈನಮೋ ಆಗುತ್ತದೆ. ಬ್ಯಾಟರಿಗೂ ಅದಕ್ಕೂ ನಡುವೆ ಡಯೋಡ್ ಇರಲೇಬೇಕು. ಇಲ್ಲವಾದರೆ ತುಳಿಯುವುದನ್ನು ನಿಲ್ಲಿಸಿದೊಡನೆ ಬ್ಯಾಟರಿಯೇ ಮೋಟಾರನ್ನು ತಿರುಗಿಸಿ ಬರಿದಾಗತೊಡಗುತ್ತದೆ. ಆರೋಗ್ಯವಂತ ವಯಸ್ಕರು ಒಂದು ಗಂಟೆ ಎಡೆಬಿಡದೆ ತುಳಿದರೆ, ನಷ್ಟ ಕಳೆದು, 40ರಿಂದ 50 ವ್ಯಾಟ್‌ಗಂಟೆ ದೊರೆಯಬಹುದು. ದೀಪಕ್ಕೆ ಇದು ಸಾಕು. ಆದರೆ 75 ವ್ಯಾಟ್‌ನ ಸೀಲಿಂಗ್ ಫ್ಯಾನ್ ಅಷ್ಟರಲ್ಲಿ 40 ನಿಮಿಷವೂ ತಿರುಗದು. ಸೆಖೆಯೆಂದು ತುಳಿದವರಿಗೆ ಬೆವರೇ ಲಾಭ.

ಸೌರ ಫಲಕಕ್ಕೆ ದುಡಿಮೆ ಬೇಕಿಲ್ಲ, ಲೆಕ್ಕ ಬೇಕು. 100 ವ್ಯಾಟ್‌ನ ಫಲಕವು ಬಿರುಬಿಸಿಲಿನ ದಿನದಲ್ಲಿ ಸುಮಾರು 400 ವ್ಯಾಟ್‌ಗಂಟೆ ನೀಡಿದರೂ, ದಟ್ಟ ಮೋಡದ ದಿನಗಳಲ್ಲಿ ಉತ್ಪಾದನೆ ಅದರ ನಾಲ್ಕನೇ ಒಂದಕ್ಕಿಂತಲೂ ಕೆಳಗಿಳಿಯಬಹುದು. ವಿದ್ಯುತ್ ಹೋಗುವುದೂ ಅದೇ ದಿನಗಳಲ್ಲಿ. ಆದುದರಿಂದ ನಿಜವಾದ ಆಸರೆ ಬ್ಯಾಟರಿ. 12 ವೋಲ್ಟ್, 40 ಆಂಪಿಯರ್‌ಗಂಟೆಯ ಸೀಸ-ಆಮ್ಲ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೆ ಅದು ಬಾಳುತ್ತದೆ. ಆ ಅರ್ಧವೇ 240 ವ್ಯಾಟ್‌ಗಂಟೆ, ಮೂರು ರಾತ್ರಿಯ ಅಗತ್ಯ. ಅಡಿಕೆ ಮರದ ನೆರಳು ಫಲಕದ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಗಣನೀಯವಾಗಿ ಕುಸಿಯುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ವಿದ್ಯುತ್ ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ಚಾವಣಿ ಸೌರ ಘಟಕವು ಜಾಲದಲ್ಲಿ ವಿದ್ಯುತ್ ಕಡಿತವಾದೊಡನೆ ತಾನೂ ನಿಲ್ಲುತ್ತದೆ. ಇದು ದೋಷವಲ್ಲ, ತಂತಿ ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣರಕ್ಷಣೆಗಾಗಿ ಮಾಡಿರುವ ಏರ್ಪಾಡು. ಪೆಟ್ರೋಲ್ ಜನರೇಟರಿಗಾಗಲಿ, ಮನೆಯಲ್ಲೇ ಕೈಯಾರೆ ಜೋಡಿಸಿದ ಇನ್ವರ್ಟರಿಗಾಗಲಿ ಈ ಕಾವಲಿರುವುದಿಲ್ಲ. ಅದನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಮನೆಯ 230 ವೋಲ್ಟ್ ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನಾಚೆ 11,000 ವೋಲ್ಟ್ ಆಗಬಲ್ಲದು. ಸತ್ತ ತಂತಿಯೆಂದು ನಂಬಿ ಮುಟ್ಟಿದವನು ಉಳಿಯಲಾರ. ಜಾಲ ಮತ್ತು ಜನರೇಟರ್ ಒಮ್ಮೆಗೇ ಸೇರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಅಳವಡಿಸಿಕೊಳ್ಳಬೇಕು.

ತಮ್ಮ ವಾರ್ಡಿನಲ್ಲಿ ಜನರೇಟರ್ ಇರುವ ಮನೆ, ಅಂಗಡಿ, ಗಿರಣಿಗಳನ್ನು ಸದಸ್ಯರು ಮಳೆಗಾಲಕ್ಕೆ ಮುಂಚಿತವಾಗಿಯೇ ಗುರುತಿಸಿ, ಈ ಸ್ವಿಚ್ ಇದೆಯೇ ಎಂದು ಖುದ್ದಾಗಿ ವಿಚಾರಿಸುವುದು. ಇಲ್ಲದಿದ್ದಲ್ಲಿ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸುವುದು.